ಮಿಲಿಟರಿ ಮನೆಯ ಮಕ್ಕಳು, ಬೀದರ್‌ನ ಹೊಸ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯವರು ವಾಯುಪಡೆಯಲ್ಲಿದ್ದಷ್ಟು ದಿನ ನಮ್ಮ ಇಬ್ಬರು ಮಕ್ಕಳು ನಾಲ್ಕು ಶಾಲೆ ಕಂಡರು. ಕೊನೆಯ ಪೋಸ್ಟಿಂಗ್ ಬೀದರ್. ಆಮೇಲೆ ನಾವು ಇಲ್ಲೇ ನಿಂತೆವು, ನಾನು ಇಲ್ಲಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರಲ್ಲಿ ಎರಡು ತರಹದವರು. ಹಾಸನ, ಕೊಡಗು, ಬೆಳಗಾವಿ ಕಡೆಯಿಂದ ಬೀದರ್ ವಾಯುನೆಲೆಗೆ ಬರುವವರು ಒಂದು ತರಹ. ಮೂಲತಃ ಔರಾದ್, ಆಳಂದ, ಶಹಾಪುರದ ಹಳ್ಳಿಯವರಾಗಿದ್ದು, ಗಂಡನನ್ನು ಗಡಿ ಕಡೆ ಹಾಕಿದ್ದರಿಂದ ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳುವ ತಾಯಂದಿರು ಇನ್ನೊಂದು ತರಹ. ಇಬ್ಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ಪೋಸ್ಟಿಂಗ್ ಆರ್ಡರ್ ಬಂದಿದೆ. ಮಗುವಿಗೆ ಯಾವಾಗ ಹೇಳಬೇಕು?

ಆರ್ಡರ್ ಕೈಗೆ ಬಂದ ವಾರದಲ್ಲೇ ಹೇಳಿ. ಪರೀಕ್ಷೆ ಮುಗಿಯಲಿ ಎಂದು ಮುಚ್ಚಿಟ್ಟರೆ ಮಗುವಿಗೆ ಅದು ಕ್ವಾರ್ಟರ್ಸ್‌ನ ಆಟದ ಮೈದಾನದಲ್ಲಿ ಬೇರೆ ಮಕ್ಕಳ ಬಾಯಿಂದ ಗೊತ್ತಾಗುತ್ತದೆ. ಆಗ ಅದಕ್ಕೆ ಊರು ಬಿಡುವ ದುಃಖದ ಜೊತೆಗೆ, ಅಪ್ಪ ಅಮ್ಮ ನನ್ನಿಂದ ಮುಚ್ಚಿಟ್ಟರು ಎಂಬ ನೋವೂ ಸೇರಿಕೊಳ್ಳುತ್ತದೆ.

ಹೇಳುವಾಗ ಹೊಸ ಊರನ್ನು ಹೊಗಳಲು ಆತುರ ಬೇಡ. "ಅಲ್ಲಿ ಕೋಟೆ ಇದೆ, ದೊಡ್ಡ ಮನೆ ಸಿಗುತ್ತೆ" ಎನ್ನುವ ಮೊದಲು ಮಗುವಿನ ಅಳುವಿಗೆ ಜಾಗ ಕೊಡಿ. ಹಳೇ ಶಾಲೆಗೆ ಸರಿಯಾಗಿ ವಿದಾಯ ಹೇಳಿಸಿ: ಕೊನೆಯ ದಿನ ಟೀಚರಿಗೆ ನಮಸ್ಕಾರ, ಗೆಳೆಯರ ಜೊತೆ ಒಂದು ಫೋಟೊ, ಇಬ್ಬರು ಮೂವರ ಮನೆಯ ಫೋನ್ ನಂಬರ್. ಲಾರಿಗೆ ಸಾಮಾನು ಹೇರುವ ಗಡಿಬಿಡಿಯಲ್ಲಿ ನಾವು ದೊಡ್ಡವರು ಇದನ್ನೇ ಮೊದಲು ಮರೆಯುತ್ತೇವೆ.

ಹಳೇ ಶಾಲೆಯಿಂದ ಯಾವ ಯಾವ ಕಾಗದ ತರಬೇಕು?

ಟಿಸಿ, ಹಿಂದಿನ ಎರಡು ವರ್ಷದ ಅಂಕಪಟ್ಟಿ, ನಡತೆ ಪ್ರಮಾಣಪತ್ರ ತರಬೇಕೆಂದು ಎಲ್ಲರಿಗೂ ಗೊತ್ತು. ಮರೆಯುವುದು ಬೇರೆ. ಕೇಂದ್ರ ಸರ್ಕಾರ ಶಾಲೆಗಳ ಮಾಹಿತಿ ಇಡುವ ಯುಡೈಸ್ ಪೋರ್ಟಲ್‌ನಲ್ಲಿ ಪ್ರತಿ ಮಗುವಿಗೆ ಪೆನ್ ಎಂಬ ಕಾಯಂ ಶಿಕ್ಷಣ ಸಂಖ್ಯೆ ಇರುತ್ತದೆ. ಹಳೇ ಶಾಲೆಯವರು ಪೋರ್ಟಲ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ, ಹೊಸ ಶಾಲೆಯವರು ಎಳೆದುಕೊಳ್ಳಲು ಆಗುವುದಿಲ್ಲ. ನನ್ನ ಮಗನ ವಿಷಯದಲ್ಲಿ ಹೀಗೇ ಆಯಿತು. ಟಿಸಿ ಕೈಯಲ್ಲಿತ್ತು, ಮಗ ಇಲ್ಲಿ ತರಗತಿಯಲ್ಲಿ ಕೂತಿದ್ದ, ಆದರೆ ಪೋರ್ಟಲ್ ಪ್ರಕಾರ ಇನ್ನೂ ಎರಡು ಸಾವಿರ ಕಿಲೋಮೀಟರ್ ಆಚೆಯ ಶಾಲೆಯಲ್ಲಿದ್ದ. ಆ ಶಾಲೆಯ ಕಚೇರಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಆದ್ದರಿಂದ ಟಿಸಿ ತೆಗೆದುಕೊಳ್ಳುವ ದಿನ ಕೌಂಟರ್ ಬಿಟ್ಟು ಕದಲುವ ಮೊದಲೇ, "ಪೋರ್ಟಲ್‌ನಲ್ಲೂ ಬಿಟ್ಟುಕೊಡಿ, ಪೆನ್ ಸಂಖ್ಯೆ ಬರೆದುಕೊಡಿ" ಎಂದು ಕೇಳಿ. ಮಗುವಿಗೆ ಅಪಾರ್ ಐಡಿ (ಓದಿನ ದಾಖಲೆಗಳನ್ನೆಲ್ಲ ಜೋಡಿಸುವ ರಾಷ್ಟ್ರೀಯ ಗುರುತಿನ ಸಂಖ್ಯೆ) ಆಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕರ್ನಾಟಕದ ಶಾಲೆಗಳಲ್ಲಿ ಇದಲ್ಲದೆ ಎಸ್‌ಎಟಿಎಸ್ ಸಂಖ್ಯೆ ಎಂದು, ರಾಜ್ಯದ ವಿದ್ಯಾರ್ಥಿ ದಾಖಲೆಯದ್ದು, ಒಂದಿರುತ್ತದೆ. ಹೊರ ರಾಜ್ಯದಿಂದ ಬಂದ ಮಗುವಿಗೆ ಹೊಸ ಶಾಲೆಯೇ ಅದನ್ನು ಮಾಡಿಸುತ್ತದೆ.

ಮಗುವಿನ ಹೆಸರು ಜನನ ಪ್ರಮಾಣಪತ್ರ, ಆಧಾರ್, ಟಿಸಿ ಮೂರರಲ್ಲೂ ಒಂದೇ ತರ ಇದೆಯೇ ನೋಡಿ. ನಮ್ಮ ಕಡೆಯ ಹೆಸರುಗಳು ಉತ್ತರದ ಕಚೇರಿಗಳಲ್ಲಿ ಒಂದೊಂದು ಕಡೆ ಒಂದೊಂದು ಸ್ಪೆಲ್ಲಿಂಗ್ ಆಗಿರುತ್ತವೆ. ಒಂದನೇ ತರಗತಿಯಲ್ಲಿ ಸರಿಪಡಿಸುವುದು ಸುಲಭ, ಒಂಬತ್ತನೇ ತರಗತಿಯಲ್ಲಿ ಬೋರ್ಡಿಗೆ ನೋಂದಣಿ ಆದ ಮೇಲೆ ಕಷ್ಟ. ಬೇರೆ ರಾಜ್ಯದ ರಾಜ್ಯ ಪಠ್ಯಕ್ರಮದ ಶಾಲೆಯಿಂದ ಬರುವುದಾದರೆ, ಟಿಸಿ ಮೇಲೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ಬನ್ನಿ. ಅದಕ್ಕೋಸ್ಕರ ಮತ್ತೆ ರೈಲು ಹತ್ತುವುದು ಯಾರಿಗೂ ಬೇಡ.

ಮತ್ತೊಂದು ಮಾತು. ಶಾಲೆಯ ಫೈಲನ್ನು ಲಾರಿಯ ಟ್ರಂಕಿನಲ್ಲಿ ಹಾಕಬೇಡಿ. ಲಾರಿ ತಲುಪುವುದು ನಿಮ್ಮ ನಂತರ. ಫೈಲು ಅಮ್ಮನ ಕೈಚೀಲದಲ್ಲಿರಲಿ.

ಟಿಸಿ ಇನ್ನೂ ಬಂದಿಲ್ಲ. ಇಲ್ಲಿ ಸೇರಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಮಗು 6ರಿಂದ 14 ವರ್ಷದೊಳಗಿದ್ದು, ನೀವು ಹೋಗಿರುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಎಂದಾದರೆ, ಹಾಗೆ ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವುದಾಗಲಿ, ಮುಂದೂಡುವುದಾಗಲಿ ತಪ್ಪು. ಟಿಸಿ ಕೊಡಲು ಸತಾಯಿಸುವ ಮುಖ್ಯಶಿಕ್ಷಕರ ಮೇಲೂ ಅದೇ ಕಲಂ ಪ್ರಕಾರ ಶಿಸ್ತುಕ್ರಮ ಆಗಬಹುದು. ಮೊದಲು ಮುಖ್ಯಶಿಕ್ಷಕರ ಹತ್ತಿರ ಸಮಾಧಾನವಾಗಿ ಮಾತಾಡಿ, ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಮೂವ್‌ಮೆಂಟ್ ಆರ್ಡರ್ ಪ್ರತಿ ತೋರಿಸಿದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಸಿಗುತ್ತದೆಯೇ?

ಬೀದರ್‌ನಲ್ಲೂ ಕಲಬುರಗಿಯಲ್ಲೂ ಕೇಂದ್ರೀಯ ವಿದ್ಯಾಲಯ ಇದೆ. ಈ ಶಾಲೆಗಳು ಹುಟ್ಟಿದ್ದೇ ನಮ್ಮಂಥವರಿಗಾಗಿ. 1963ರಲ್ಲಿ ಶುರುವಾದಾಗ, ರಕ್ಷಣಾ ಸಿಬ್ಬಂದಿ ಹೆಚ್ಚಿದ್ದ ಊರುಗಳ 20 ರೆಜಿಮೆಂಟಲ್ ಶಾಲೆಗಳನ್ನೇ ಮೊದಲು ಕೇಂದ್ರೀಯ ಶಾಲೆಗಳನ್ನಾಗಿ ಮಾಡಿದ್ದು.

ಈಗಾಗಲೇ ಬೇರೆ ಊರಿನ ಕೆ.ವಿ.ಯಲ್ಲಿ ಓದುತ್ತಿರುವ ಮಗುವಿಗೆ ತಂದೆಯ ವರ್ಗಾವಣೆಯ ಮೇಲೆ ಕೆ.ವಿ. ಟಿಸಿ ತಂದರೆ ಪ್ರವೇಶ ತಾನಾಗಿಯೇ ಸಿಗುತ್ತದೆ. ತಂದೆಯನ್ನು ಕುಟುಂಬ ಒಯ್ಯಲಾಗದ ಜಾಗಕ್ಕೆ ಹಾಕಿ, ತಾಯಿ ಮಕ್ಕಳು ತಮಗೆ ಅನುಕೂಲವಾದ ಊರಿಗೆ ಬಂದರೂ ಇದು ಅನ್ವಯಿಸುತ್ತದೆ. ಯುನಿಟ್‌ನಿಂದ ಪ್ರಮಾಣಪತ್ರ ಬರೆಸಿಕೊಂಡು ಬನ್ನಿ. ಹೊಸದಾಗಿ ಸೇರಿಸುವುದಾದರೆ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳು ಮೊದಲ ಆದ್ಯತೆಯವರು, ಸೈನಿಕರು ಅದರಲ್ಲಿ ಬರುತ್ತಾರೆ. ಕಳೆದ ಏಳು ವರ್ಷಗಳಲ್ಲಿ ಎಷ್ಟು ವರ್ಗಾವಣೆ ಆಗಿದೆ ಎಂಬ ಲೆಕ್ಕದ ಮೇಲೆ ಪಟ್ಟಿ ಮಾಡುತ್ತಾರೆ, ಅದಕ್ಕೂ ಯುನಿಟ್‌ನ ಸಹಿ ಬೇಕು. ಒಂದನೇ ತರಗತಿಗೆ ಮಾರ್ಚ್ 31ಕ್ಕೆ ಆರು ವರ್ಷ ತುಂಬಿರಬೇಕು. ಎರಡರಿಂದ ಎಂಟರವರೆಗೆ ಪ್ರವೇಶ ಪರೀಕ್ಷೆ ಇಲ್ಲ, ಒಂಬತ್ತಕ್ಕೆ ಇದೆ.

ಕೆ.ವಿ.ಯ ವರ್ಷ ಏಪ್ರಿಲ್‌ಗೆ ಶುರು, ನಮ್ಮ ರಾಜ್ಯದ ಶಾಲೆಗಳದ್ದು ಮೇ ಕೊನೆ, ಜೂನ್ ಮೊದಲ ವಾರಕ್ಕೆ. ಈ ಅಂತರವನ್ನು ಮರೆತು ಜೂನ್‌ನಲ್ಲಿ ಬಂದು ನಿಂತವರನ್ನು ನೋಡಿದ್ದೇನೆ.

ಪ್ರೈವೇಟ್ ಶಾಲೆಯೋ, ಕೆ.ವಿ.ಯೋ, ಊರಿನ ಸರ್ಕಾರಿ ಶಾಲೆಯೋ?

ಎರಡು ಮೂರು ವರ್ಷಕ್ಕೆ ಮತ್ತೆ ಊರು ಬದಲಾಗುವವರಿಗೆ ಕೆ.ವಿ. ಎಂದೇ ನಾನು ಹೇಳುತ್ತೇನೆ. ಪುಸ್ತಕ ಒಂದೇ, ಪರೀಕ್ಷೆ ಒಂದೇ, ಸಮವಸ್ತ್ರವೂ ಒಂದೇ. ಅರ್ಧಕ್ಕೆ ನಿಂತ ಪಾಠ ಹೊಸ ಊರಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಆದರೆ ತಂದೆಗೆ ನಿವೃತ್ತಿ ಹತ್ತಿರವಾಗಿದ್ದು, ಕುಟುಂಬ ಇಲ್ಲೇ ನೆಲೆಯೂರುವುದಾದರೆ ರಾಜ್ಯ ಪಠ್ಯಕ್ರಮದ ಶಾಲೆಯನ್ನೂ ಗಂಭೀರವಾಗಿ ಯೋಚಿಸಿ. ಹೈಸ್ಕೂಲಿನ ಗಣಿತ, ವಿಜ್ಞಾನ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುತ್ತವೆ, ಅಲ್ಲಿ ಮಗು ಹಿಂದೆ ಬೀಳುವುದಿಲ್ಲ. ಬದಲಾಗುವುದು ಸಮಾಜ ವಿಜ್ಞಾನ ಮತ್ತು ಭಾಷೆ.

ಹಳ್ಳಿಯ ಸರ್ಕಾರಿ ಶಾಲೆಗೆ ಕಳಿಸಲು ಹಿಂಜರಿಯುವವರಿಗೆ ಒಂದು ಮಾತು. ಬೆನ್ನ ಹಿಂದೆ ಅಜ್ಜಿ, ಕಾಕಾ, ಅಕ್ಕಪಕ್ಕದ ಮಕ್ಕಳು ಇರುವ ಶಾಲೆಯಲ್ಲಿ ಮಗು ಬೇಗ ಹೊಂದಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಿನಕ್ಕೆ ಎರಡೂವರೆ ತಾಸು ವ್ಯಾನಿನಲ್ಲಿ ಕೂತು ಹೋಗುವ ಪೇಟೆಯ ಶಾಲೆಗಿಂತ ಅದು ಎಷ್ಟೋ ಮೇಲು.

ಮಗು ಹತ್ತನೇ ಅಥವಾ ಹನ್ನೆರಡನೇ ತರಗತಿಯಲ್ಲಿದೆ. ಈಗ ಬದಲಿಸಬಹುದೇ?

ಸಾಧ್ಯವಾದರೆ ಬೇಡ. ಸಿಬಿಎಸ್‌ಇಯಲ್ಲಿ ಒಂಬತ್ತು–ಹತ್ತು ಒಂದು ಕೋರ್ಸು, ಹನ್ನೊಂದು–ಹನ್ನೆರಡು ಇನ್ನೊಂದು. ನಡುವೆ ಶಾಲೆ ಬದಲಿಸಲು ಬೋರ್ಡಿನ ಅನುಮತಿ ಬೇಕು. ಪೋಷಕರ ವರ್ಗಾವಣೆ ಅದಕ್ಕೆ ಒಪ್ಪುವ ಕಾರಣವೇ, ಆದರೂ ವಿಷಯಗಳು ಅವೇ ಇರಬೇಕು. ಬೋರ್ಡ್ ಪರೀಕ್ಷೆಯ ಮಕ್ಕಳಿದ್ದರೆ ಹಳೇ ಸ್ಟೇಷನ್‌ನಲ್ಲೇ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಅರ್ಜಿ ಹಾಕಲು ಅವಕಾಶವಿದೆ. ಆರ್ಡರ್ ಬಂದ ತಕ್ಷಣ ಹಾಕಿ.

ಮಗು ನಮ್ಮದೇ ಊರಿಗೆ ಬಂದಿದೆ, ಆದರೆ ಕನ್ನಡ ಓದಲು ಬರುವುದಿಲ್ಲ. ಮನಸ್ಸಿಗೆ ಕಷ್ಟವಾಗುತ್ತಿದೆ.

ಇದನ್ನು ಕೇಳುವಾಗ ಎಷ್ಟೋ ತಾಯಂದಿರ ಗಂಟಲು ಕಟ್ಟುತ್ತದೆ. ಅಜ್ಜಿ "ಬಾ ನನ್ನ ಬಂಗಾರ, ಏನ್ ಉಣ್ತಿ?" ಎನ್ನುತ್ತಾರೆ, ಮೊಮ್ಮಗ ಅಮ್ಮನ ಮುಖ ನೋಡುತ್ತಾನೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಜೋಧಪುರದಲ್ಲೋ ಅಂಬಾಲಾದಲ್ಲೋ ಆರು ವರ್ಷ ಬೆಳೆದ ಮಗು ಅಲ್ಲಿನ ಮಾತನ್ನೇ ಕಲಿಯಬೇಕಲ್ಲವೇ?

ಸಮಾಧಾನದ ಸಂಗತಿ ಎಂದರೆ, ದೇವನಾಗರಿ ಬರುವ ಮಗುವಿಗೆ ಕನ್ನಡ ಅಕ್ಷರ ಪೂರ್ತಿ ಹೊಸದಲ್ಲ. ಕ ಖ ಗ ಘ ಙ ಕ್ರಮ ಎರಡರಲ್ಲೂ ಒಂದೇ, ಕಾಗುಣಿತದ ಲೆಕ್ಕಾಚಾರವೂ ಒಂದೇ. ಎಡವುವುದು ಮೂರು ಕಡೆ. ಮೊದಲನೆಯದು ಒತ್ತಕ್ಷರ, ಹಿಂದಿಯಲ್ಲಿ ಅಕ್ಷರ ಬಹುಮಟ್ಟಿಗೆ ಪಕ್ಕದಲ್ಲಿ ಕೂಡಿಕೊಳ್ಳುತ್ತದೆ, ನಮ್ಮಲ್ಲಿ ಕೆಳಗೆ ಇಳಿಯುತ್ತದೆ. ಎರಡನೆಯದು, ಪದದ ಕೊನೆಯ ಸ್ವರ. ಹಿಂದಿಯ ಅಭ್ಯಾಸದಲ್ಲಿ ಮಗು "ಮರ" ಎಂಬುದನ್ನು "ಮರ್" ಎಂದು ನುಂಗುತ್ತದೆ. ಮೂರನೆಯದು ಎಲ್ಲಕ್ಕಿಂತ ತೊಡಕು, ಹ್ರಸ್ವ ದೀರ್ಘ. ಹಿಂದಿಗೆ ಎ–ಏ, ಒ–ಓ ಎಂಬ ಜೋಡಿಯೇ ಇಲ್ಲ. ಹಾಗಾಗಿ ಮಗುವಿಗೆ "ಬೆಳೆ"ಯೂ "ಬೇಳೆ"ಯೂ ಒಂದೇ ಕೇಳಿಸುತ್ತವೆ.

ನಮ್ಮ ಕಲಬುರಗಿ ಸೀಮೆಯಲ್ಲಿ ಇದನ್ನು ಕಲಿಸಲು ತೊಗರಿಗಿಂತ ಒಳ್ಳೆಯ ಪಾಠ ಇಲ್ಲ. ಹೊಲಕ್ಕೆ ಕರೆದುಕೊಂಡು ಹೋಗಿ ತೊಗರಿ ಬೆಳೆ ತೋರಿಸಿ. ಮನೆಗೆ ಬಂದು ಡಬ್ಬಿಯಲ್ಲಿ ಕೈ ಹಾಕಿಸಿ ತೊಗರಿ ಬೇಳೆ ಮುಟ್ಟಿಸಿ. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಹೀಗೆ ಕಲಿತ ಒಬ್ಬ ಹುಡುಗ ಮರುದಿನ ನನ್ನನ್ನು ಕೇಳಿದ: "ಟೀಚರ್, ಆಯಿ ಬ್ಯಾಳಿ ಅಂತಾಳ, ಪುಸ್ತಕದಾಗ ಬೇಳೆ ಅಂತ ಅದ. ಯಾವ್ದು ಖರೇ?" ಎರಡೂ ಖರೇ ಎಂದೆ. ಆಯಿಯ (ಅಜ್ಜಿಯ) ಜೊತೆ ಬ್ಯಾಳಿ, ಪರೀಕ್ಷೆಯಲ್ಲಿ ಬೇಳೆ. ಊರಿಗೆ ಬಂದು ಮೂರು ತಿಂಗಳಾಗುವುದರಲ್ಲಿ ಆ ಹುಡುಗ ಎರಡು ಕನ್ನಡ ಕಲಿತಿದ್ದ!

ಒಂದರಿಂದ ಮೂರನೇ ತರಗತಿಯವರಿಗಾಗಿ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಕಾರ್ಡುಗಳು ಐದನೇ ತರಗತಿಯ ಮಗುವಿಗೂ ನಡೆಯುತ್ತವೆ. ಆದರೆ ಅದನ್ನು ಚಿಕ್ಕವರ ಜೊತೆ ಕೂರಿಸಿ ಓದಿಸಬೇಡಿ, ಅವಮಾನವಾಗುತ್ತದೆ. ಮನೆಯಲ್ಲಿ ಓದಿಸಿ. ಬಸ್ ನಿಲ್ದಾಣವೂ ಒಳ್ಳೆಯ ಶಾಲೆ. ಕೆಕೆಆರ್‌ಟಿಸಿ ಬಸ್ಸಿನ ಬೋರ್ಡುಗಳನ್ನು ಓದಿಸಿ: ಔರಾದ್, ಭಾಲ್ಕಿ, ಹುಮನಾಬಾದ್, ಬಸವಕಲ್ಯಾಣ, ಚಿಟಗುಪ್ಪ. ಭಾಲ್ಕಿಯ ಒತ್ತು ಕ, ಚಿಟಗುಪ್ಪದ ಒತ್ತು ಪ, ಎರಡೂ ಒಂದೇ ಸಂಜೆ ಸಿಗುತ್ತವೆ.

ಬೀದರ್‌ನಲ್ಲಿ ಎಲ್ಲರೂ ಹಿಂದಿಯಲ್ಲೇ ಮಾತಾಡಿಸುತ್ತಾರೆ. ಕನ್ನಡ ಕಲಿಯಲೇಬೇಕೇ?

ಇಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ಬದುಕುತ್ತವೆ. ಹಿಂದಿ ಬಂದರೆ ತರಕಾರಿ ಕೊಳ್ಳುವುದಕ್ಕೂ ಆಟೊ ಹಿಡಿಯುವುದಕ್ಕೂ ಏನೂ ತೊಂದರೆ ಇಲ್ಲ. ಹಾಗಾಗಿಯೇ ಎಷ್ಟೋ ಕುಟುಂಬಗಳು ಮೂರು ವರ್ಷ ಇದ್ದು ಒಂದು ಕನ್ನಡ ವಾಕ್ಯ ಕಲಿಯದೆ ಹೋಗುತ್ತವೆ. ಕನ್ನಡ ಮನೆಯವರಾದ ನಾವೂ ಹಾಗೆ ಮಾಡುವುದು ಬೇಡ ಎಂದು ನನ್ನ ಬೇಡಿಕೆ. ಕಾನೂನಿನ ಮಾತು ಕೇಳುವುದಾದರೆ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆನ್ನುತ್ತದೆ, 2017–18ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಸೇರಿಸುವ ಮೊದಲೇ ಶಾಲೆಯಲ್ಲಿ ಎರಡು ಪ್ರಶ್ನೆ ಕೇಳಿ: ಈ ತರಗತಿಗೆ ಕನ್ನಡ ಯಾವ ಭಾಷೆ? ಹೊಸದಾಗಿ ಬಂದ ಮಗುವಿಗೆ ಅಕ್ಷರದಿಂದ ಕಲಿಸುವವರು ಯಾರು? ಎರಡನೆಯದಕ್ಕೆ ಒಬ್ಬ ಶಿಕ್ಷಕರ ಹೆಸರು ಬಂದರೆ ಆ ಶಾಲೆಯನ್ನು ನಂಬಬಹುದು.

ನಾವು ಮೈಸೂರು ಕಡೆಯವರು. ಇಲ್ಲಿನ ಕನ್ನಡವೇ ಮಗಳಿಗೆ ಅರ್ಥವಾಗುತ್ತಿಲ್ಲ!

ಹದಿನೈದು ದಿನ ಕೊಡಿ. ಸಾಲಿ ಎಂದರೆ ಶಾಲೆ, ಮುತ್ಯಾ ಎಂದರೆ ತಾತ, "ಏನ್ ಮಾಡ್ಲಕತ್ತಿ" ಎಂದರೆ ಏನು ಮಾಡುತ್ತಿದ್ದೀಯ. ಹೀಗೆ ಒಂದು ಹತ್ತು ಮಾತು ಗೊತ್ತಾದರೆ ದಾರಿ ಸಲೀಸು. ಗೆಳತಿಯರು ಅವಳ ಮಾತನ್ನು ಆಡಿ ತೋರಿಸಿ ನಕ್ಕರೆ ಮನೆಯಲ್ಲಿ ನೀವು ಇಲ್ಲಿನವರ ಮಾತನ್ನು ಆಡಿ ತೋರಿಸಿ ನಗಬೇಡಿ, ಅಷ್ಟೇ.

ಮೊದಲ ದಿನಕ್ಕೆ ಹೇಗೆ ತಯಾರು ಮಾಡಲಿ?

ನನ್ನ ಮಗನ ಕಥೆ ಹೇಳುತ್ತೇನೆ. ಬೀದರ್‌ಗೆ ಬಂದಾಗ ಅವನು ನಾಲ್ಕನೇ ತರಗತಿ. ಪುಸ್ತಕ, ಶೂ, ನೀರಿನ ಬಾಟಲಿ ಎಲ್ಲ ಸಿದ್ಧ ಮಾಡಿ ಕಳಿಸಿದ್ದೆ. ಎರಡನೇ ದಿನದಿಂದ ಡಬ್ಬಿ ತುಂಬಿದ ಹಾಗೇ ವಾಪಸ್ ಬರತೊಡಗಿತು. ಚಪಾತಿ ಪಲ್ಯ ಮಾಡಿದರೂ ಅಷ್ಟೇ, ಉಪ್ಪಿಟ್ಟು ಮಾಡಿದರೂ ಅಷ್ಟೇ. ಕೇಳಿದರೆ ಹಸಿವಿರಲಿಲ್ಲ ಎನ್ನುತ್ತಿದ್ದ, ಮನೆಗೆ ಬಂದ ಕೂಡಲೇ ನಿಂತುಕೊಂಡೇ ನಾಲ್ಕು ಚಪಾತಿ ತಿನ್ನುತ್ತಿದ್ದ.

ಐದನೇ ದಿನ ರಾತ್ರಿ ದೀಪ ಆರಿಸಿದ ಮೇಲೆ ಹೇಳಿದ. ಆ ಶಾಲೆಯಲ್ಲಿ ಊಟಕ್ಕೆ ಎರಡು ಗಂಟೆ ಹೊಡೆಯುತ್ತಿದ್ದರು. ಮೊದಲನೆಯದು ಕೈ ತೊಳೆಯಲು ಸಾಲಿನಲ್ಲಿ ಹೋಗುವುದಕ್ಕೆ, ಎರಡನೆಯದು ಊಟಕ್ಕೆ. ಹಳೇ ಶಾಲೆಯಲ್ಲಿ ಒಂದೇ ಗಂಟೆ. ಮೊದಲ ದಿನ ಇವನು ಮೊದಲ ಗಂಟೆಗೇ ಡಬ್ಬಿ ತೆಗೆದು ಬಾಯಿಗೆ ತುತ್ತು ಇಟ್ಟಿದ್ದಾನೆ. ಇಡೀ ತರಗತಿ ಎದ್ದು ನಿಂತು ಇವನನ್ನೇ ನೋಡಿದೆ. ಯಾರೋ "ಇವ್ನಿಗಿ ಭಾಳ ಹಸಿವಾಗ್ಯಾದ" ಎಂದಿದ್ದಾರೆ. ಅವತ್ತಿನಿಂದ ಡಬ್ಬಿ ತೆರೆದಿಲ್ಲ.

ಮಗುವನ್ನು ತತ್ತರಿಸುವಂತೆ ಮಾಡುವುದು ಗಣಿತ, ವಿಜ್ಞಾನ ಅಲ್ಲ, ಇಂಥವು. ಆದ್ದರಿಂದ ಶಾಲೆ ಶುರುವಾಗುವ ಮೊದಲು ಒಮ್ಮೆ ಮಗುವನ್ನು ಕರೆದುಕೊಂಡು ಹೋಗಿ, ಆ ಶಾಲೆಯಲ್ಲೇ ಓದುವ ಮಗುವನ್ನೇ ಕೇಳಿಸಿ. ಗಂಟೆ ಎಷ್ಟು ಸಲ ಹೊಡೆಯುತ್ತಾರೆ? ಶೌಚಾಲಯ ಎಲ್ಲಿದೆ, ಹೋಗಲು ಯಾರನ್ನು ಕೇಳಬೇಕು? ಟೀಚರನ್ನು ಮ್ಯಾಡಂ ಎನ್ನುತ್ತಾರೋ, ಮಿಸ್ ಎನ್ನುತ್ತಾರೋ, ಅಕ್ಕೋರೆ ಎನ್ನುತ್ತಾರೋ? ಪ್ರಾರ್ಥನೆ ಯಾವುದು? ನಾಡಗೀತೆ ನಿತ್ಯ ಹಾಡುತ್ತಾರೆಯೇ? ಹಾಡುವುದಾದರೆ ಮೊದಲೇ ಬಾಯಿಪಾಠ ಮಾಡಿಸಿ. ಎಲ್ಲರೂ ಹಾಡುವಾಗ ಬಾಯಿ ಮುಚ್ಚಿ ನಿಲ್ಲುವ ಮಗು ತಾನು ಹೊರಗಿನದು ಎಂದುಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೊದಲ ದಿನಕ್ಕೆ ಮುಂಚೆ ಅದೇ ತರಗತಿಯ ಒಂದೇ ಒಂದು ಮಗುವಿನ ಪರಿಚಯ ಮಾಡಿಸಿ. ಕ್ವಾರ್ಟರ್ಸ್‌ನಲ್ಲಿ ಕೇಳಿ, ಕುಟುಂಬ ಕಲ್ಯಾಣ ಸಂಘದ ಹೆಂಗಸರನ್ನು ಕೇಳಿ, ಹಳ್ಳಿಯಾದರೆ ಓಣಿಯಲ್ಲಿ ಕೇಳಿ. ಆ ಮಗುವನ್ನು ಮನೆಗೆ ಕರೆದು ಶೇಂಗಾ ಹೋಳಿಗೆ ಕೊಡಿ, ಇಬ್ಬರೂ ಒಂದು ಗಂಟೆ ಆಡಲಿ. ತರಗತಿಯ ಬಾಗಿಲಲ್ಲಿ ನಿಂತಾಗ ನಲವತ್ತು ಅಪರಿಚಿತ ಮುಖಗಳ ನಡುವೆ ಹೆಸರು ಗೊತ್ತಿರುವ ಒಂದು ಮುಖ ಕಾಣಬೇಕು. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ದಿನಾ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ. ಎಷ್ಟು ದಿನ ಕಾಯಲಿ?

ಹೊಟ್ಟೆನೋವು ಸುಳ್ಳಲ್ಲ. ಹೆದರಿದ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಬೈಯಬೇಡಿ, ಹಾಗೆಂದು ಮನೆಯಲ್ಲಿ ಉಳಿಸಿಕೊಳ್ಳಲೂ ಬೇಡಿ. ಉಳಿದ ಒಂದೊಂದು ದಿನವೂ ಮರುದಿನದ ಬಾಗಿಲನ್ನು ಭಾರ ಮಾಡುತ್ತದೆ. ಗೇಟಿನವರೆಗೆ ಹೋಗಿ, ಸಂಜೆ ಎಷ್ಟು ಗಂಟೆಗೆ ಬರುತ್ತೀರೆಂದು ಹೇಳಿ, ಅಷ್ಟೇ ಗಂಟೆಗೆ ಬನ್ನಿ.

ಸಾಮಾನ್ಯವಾಗಿ ತಿಂಗಳೊಳಗೆ ತಿಳಿಯಾಗುತ್ತದೆ. ನಿದ್ದೆ ಕೆಟ್ಟಿದ್ದರೆ, ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಆಟವನ್ನೂ ಬಿಟ್ಟಿದ್ದರೆ ಇನ್ನು ಕಾಯಬೇಡಿ. ಕ್ಲಾಸ್ ಟೀಚರ್, ಆಮೇಲೆ ವೈದ್ಯರು. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹದಿನಾಲ್ಕರ ಮಗಳು ಅಳುವುದೂ ಇಲ್ಲ, ಮಾತಾಡುವುದೂ ಇಲ್ಲ.

ದೊಡ್ಡ ಮಕ್ಕಳು ನಷ್ಟದ ಲೆಕ್ಕವನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಹಳೇ ಶಾಲೆಯಲ್ಲಿ ಅವಳು ಖೊಖೊ ತಂಡದ ನಾಯಕಿಯಾಗಿರಬಹುದು, ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ಟಿಸಿಯಲ್ಲಿ ಅದನ್ನು ಬರೆಯುವುದಿಲ್ಲ. ನೀವೇ ಪಿಇಟಿ ಟೀಚರಿಗೆ ಹೋಗಿ ಹೇಳಿ, ಅವಳ ಸರ್ಟಿಫಿಕೇಟ್ ತೋರಿಸಿ. ಒಂದು ತಂಡ ಸಿಕ್ಕರೆ ಗೆಳತಿಯರು ಸಿಗುತ್ತಾರೆ. ಹಳೇ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡಿದರೆ "ಇಲ್ಲಿ ಹೊಂದಿಕೊಳ್ಳುವುದಿಲ್ಲ" ಎಂದು ತಡೆಯಬೇಡಿ. ಆ ದಾರ ಗಟ್ಟಿಯಾಗಿದ್ದಾಗಲೇ ಮಕ್ಕಳು ಹೊಸ ದಾರ ಕಟ್ಟುವುದು.

ಅಪ್ಪ ಗಡಿಯಲ್ಲಿದ್ದಾರೆ. ಶಾಲೆಯಲ್ಲಿ ಎಷ್ಟು ಹೇಳಬೇಕು?

ಅಪ್ಪ ಮನೆಯಲ್ಲಿಲ್ಲ, ರಜೆ ಯಾವಾಗ ಸಿಗುತ್ತದೋ ಗೊತ್ತಿಲ್ಲ, ತುರ್ತಿದ್ದರೆ ಕರೆಯಬೇಕಾದವರು ಇವರು ಎಂಬಷ್ಟನ್ನು ಕ್ಲಾಸ್ ಟೀಚರಿಗೆ ಮುಖತಃ ಹೇಳಿ. ಯುನಿಟ್ ಯಾವುದು, ಎಲ್ಲಿದೆ ಎಂಬುದನ್ನು ಯಾರಿಗೂ ಹೇಳಬೇಕಿಲ್ಲ, ತರಗತಿಯ ವಾಟ್ಸಾಪ್ ಗುಂಪಿನಲ್ಲಂತೂ ಹಾಕಲೇಬೇಡಿ. "ಅಪ್ಪ ಡ್ಯೂಟಿ ಮ್ಯಾಲ ಹೋಗ್ಯಾರ" ಎಂಬ ಒಂದೇ ಉತ್ತರವನ್ನು ಮಗುವಿಗೂ ಕಲಿಸಿಕೊಡಿ.

2025ರ ಮೇನಲ್ಲಿ ಆಪರೇಷನ್ ಸಿಂಧೂರದ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಹಗಲು ರಾತ್ರಿ ಉರಿಯಿತು. ಮಕ್ಕಳು ಊಟ ಬಿಟ್ಟು ಅದರ ಮುಂದೆ ಕೂತರು. ಅಂಥ ದಿನ ಬಂದರೆ ಟಿವಿ ಆರಿಸಿ, ನಿಮಗೆ ಗೊತ್ತಿರುವುದನ್ನು ಸರಳವಾಗಿ ಹೇಳಿ. "ಏನೂ ಆಗೋದಿಲ್ಲ" ಎಂಬ ಭಾಷೆ ಕೊಡಬೇಡಿ. "ಅಪ್ಪನ ಜೊತೆ ತುಂಬ ಜನ ಇದ್ದಾರೆ, ಫೋನ್ ಬಂದ ತಕ್ಷಣ ನಿನಗೇ ಕೊಡ್ತೀನಿ" ಎನ್ನಿ, ಹೇಳಿದಂತೆ ಮೊದಲು ಮಗುವಿಗೇ ಕೊಡಿ.

ವಿಮಾನದ ಸದ್ದಿಗೆ ಚಿಕ್ಕವನು ಬೆಚ್ಚಿಬೀಳುತ್ತಾನೆ.

ಬೀದರ್ ವಾಯುಪಡೆಯ ತರಬೇತಿ ನೆಲೆ, ಹಾಕ್ ಎಂಬ ತರಬೇತಿ ಜೆಟ್ ವಿಮಾನಗಳು ಹಾರುತ್ತಲೇ ಇರುತ್ತವೆ. ಆಕಾಶದಲ್ಲಿ ಸಾಹಸ ಪ್ರದರ್ಶನ ಮಾಡುವ, 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಮನೆಯೂ ಇದೇ. ಮಗುವನ್ನು ಮಾಳಿಗೆ ಮೇಲೆ ಕರೆದೊಯ್ದು ಎಷ್ಟು ವಿಮಾನ ಹೋದವು ಎಂದು ಎಣಿಸಲು ಹೇಳಿ. ಎಣಿಸಲು ಶುರುಮಾಡಿದ ಮಗು ಹೆದರುವುದನ್ನು ಬಿಡುತ್ತದೆ. ಪರೀಕ್ಷೆ ಬರೆಯುವಾಗ ಸದ್ದಿನಿಂದ ತೊಂದರೆಯಾದರೆ ಟೀಚರಿಗೆ ಹೇಳಿ, ಕಿಟಕಿಯಿಂದ ದೂರ ಕೂರಿಸುತ್ತಾರೆ.

ನಾನು ಶಿಕ್ಷಕಿ. ಇಂಥ ಮಗು ನನ್ನ ತರಗತಿಗೆ ಬಂದಿದೆ. ಏನು ಮಾಡಲಿ?

ಮೊದಲ ದಿನವೇ ಎಲ್ಲರ ಮುಂದೆ ನಿಲ್ಲಿಸಿ ಪರಿಚಯ ಹೇಳಿಸಬೇಡಿ. ಒಬ್ಬ ಜೊತೆಗಾರನನ್ನು ಕೊಡಿ. ತರಗತಿಯ ಜಾಣನಿಗಿಂತ ಮಾತುಗಾರನೇ ಈ ಕೆಲಸಕ್ಕೆ ಸರಿ. ಕನ್ನಡದಲ್ಲಿ ಸೊನ್ನೆ ಬಂದರೆ ಸೊನ್ನೆ ಎಂದು ಓದಿ ಹೇಳಬೇಡಿ. ಜನವರಿ 26 ಬಂದಾಗ, ಜುಲೈ 26ರ ಕಾರ್ಗಿಲ್ ವಿಜಯ ದಿವಸ ಬಂದಾಗ ಆ ಮಗುವನ್ನು ವೇದಿಕೆಗೆ ಹತ್ತಿಸುವ ಆಸೆ ನಮಗೆಲ್ಲ ಆಗುತ್ತದೆ. ಮೊದಲು ಮಗುವನ್ನೂ ತಾಯಿಯನ್ನೂ ಕೇಳಿ. ಕೆಲವರಿಗೆ ಅದು ಹೆಮ್ಮೆ, ಅಪ್ಪನ ದನಿ ಕೇಳದೆ ಎರಡು ವಾರವಾದ ಮಗುವಿಗೆ ಅದು ಭಾರ. ಅಪ್ಪ ರಜೆಗೆ ಬಂದ ವಾರ ಹೋಂವರ್ಕ್ ಮಾಡದಿದ್ದರೆ ಬಿಟ್ಟುಬಿಡಿ.

ಖರ್ಚಿಗೆ ಏನಾದರೂ ಸಹಾಯ ಇದೆಯೇ?

ಸೇವೆಯಲ್ಲಿರುವವರಿಗೆ ಮಕ್ಕಳ ಶಿಕ್ಷಣ ಭತ್ಯೆ ಇದೆ. ಮೊದಲ ಇಬ್ಬರು ಮಕ್ಕಳಿಗೆ, ಒಬ್ಬರಿಗೆ ತಿಂಗಳಿಗೆ 2,250 ರೂಪಾಯಿ ಇದ್ದದ್ದು 2024ರ ಜನವರಿಯಿಂದ 2,812.50 ಆಗಿದೆ. ಹಾಸ್ಟೆಲ್‌ನಲ್ಲಿದ್ದರೆ ಹಾಸ್ಟೆಲ್ ಸಬ್ಸಿಡಿ 8,437.50. ವರ್ಷ ಮುಗಿದ ಮೇಲೆ ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರ ಕೊಟ್ಟು ಪಡೆಯುವುದು. ವರ್ಷದ ನಡುವೆ ಶಾಲೆ ಬದಲಾದರೆ ಎರಡೂ ಶಾಲೆಯಿಂದ ಪ್ರಮಾಣಪತ್ರ ಬರೆಸಿಡಿ. ನಿವೃತ್ತರು ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಹವಾಲ್ದಾರ್ ದರ್ಜೆವರೆಗಿನವರ ಇಬ್ಬರು ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಅನುದಾನ ಸಿಗುತ್ತದೆ. ಒಬ್ಬರಿಗೆ ತಿಂಗಳಿಗೆ 1,000 ರೂಪಾಯಿ ಇದ್ದದ್ದು 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 2,000 ಆಗಿದೆ.

ಸೈನಿಕ ಶಾಲೆ ಅಥವಾ ನವೋದಯಕ್ಕೆ ಹಾಕಿದರೆ ಈ ಓಡಾಟ ತಪ್ಪುತ್ತದಲ್ಲವೇ?

ಓಡಾಟ ತಪ್ಪುತ್ತದೆ. ನಮ್ಮ ಸೀಮೆಗೆ ಹತ್ತಿರದ್ದು 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ. ಆರನೇ ಮತ್ತು ಒಂಬತ್ತನೇ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಇದೆ, ಸೈನಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ನವೋದಯದಲ್ಲಿ ಒಂದು ತೊಡಕಿದೆ. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀರೋ ಅದೇ ಜಿಲ್ಲೆಯಲ್ಲಿ ಮಗು ಐದನೇ ತರಗತಿ ಓದುತ್ತಿರಬೇಕು. ಐದರ ನಡುವೆ ಪೋಸ್ಟಿಂಗ್ ಬರಬಹುದೆಂದಾದರೆ ಮೊದಲೇ ಲೆಕ್ಕ ಹಾಕಿ. ಇನ್ನು ನನ್ನ ಅಭಿಪ್ರಾಯ: ಹಾಸ್ಟೆಲ್ ಮಗು ಕೇಳಿದ್ದಾದರೆ ಕಳಿಸಿ, ನಮ್ಮ ಅನುಕೂಲಕ್ಕಾದರೆ ಬೇಡ.

ಹೊರಗೆ ಓದಿದ ನಮ್ಮ ಮಗುವಿಗೆ 371(ಜೆ) ಸಿಗುತ್ತದೆಯೇ?

ಬೀದರ್, ಕಲಬುರಗಿ, ಯಾದಗಿರಿ ಮೂಲದವರು ಇದನ್ನು ಬಿಡಲೇಬಾರದು. ಸಂವಿಧಾನದ 371(ಜೆ) ಅನುಚ್ಛೇದದಡಿ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಮೀಸಲು. ಅರ್ಹತೆಯನ್ನು ನೋಡುವುದು ಹುಟ್ಟು, ವಾಸ, ತಂದೆ ತಾಯಿಯ ಮೂಲದ ಮೇಲೆ. ಮಗು ಪಠಾಣಕೋಟೆಯಲ್ಲಿ ಓದಿತೆಂಬ ಕಾರಣಕ್ಕೆ ಕೈಬಿಡಬೇಡಿ. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ತಂದೆಯ ಶಾಲಾ ದಾಖಲೆ, ಜನನ ಪ್ರಮಾಣಪತ್ರ, ಅಜ್ಜನ ಪಹಣಿ ಈಗಲೇ ಒಟ್ಟುಮಾಡಿಡಿ. ಸಿಇಟಿಗೂ ಅಷ್ಟೇ, ಸೇನೆಗೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ಬರೆಸಿದ ಸೈನಿಕರ ಮಕ್ಕಳಿಗೆ ಪ್ರತ್ಯೇಕ ಅವಕಾಶವಿದೆ. ತಂದೆಯ ಸೇವಾ ದಾಖಲೆಯಲ್ಲಿ ಏನು ಬರೆದಿದೆ ಎಂದು ಈ ರಜೆಯಲ್ಲೇ ನೋಡಿಸಿ.

ಇಲ್ಲಿ ಹೊಂದಿಕೊಂಡಿದ್ದಾನೆ. ಮತ್ತೆ ಆರ್ಡರ್ ಬಂದಿದೆ. ಏನು ಹೇಳಲಿ?

ಮೊದಲ ಪ್ರಶ್ನೆಗೆ ಬರೆದದ್ದನ್ನೇ ಮತ್ತೆ ಮಾಡಿ. ಹೋಗುವ ಮೊದಲು ಕೋಟೆಗೆ ಇನ್ನೊಮ್ಮೆ ಹೋಗಿ ಬನ್ನಿ, ಗುರುನಾನಕ್ ಝಿರಾ ಗುರುದ್ವಾರದಲ್ಲಿ ಮಗು ತನ್ನ ಪಂಜಾಬಿ ಗೆಳೆಯನ ಜೊತೆ ಕೂತು ಲಂಗರ್ ಉಣ್ಣಲಿ. ಕಲಿತ ಕನ್ನಡ ಹೊಸ ಊರಲ್ಲಿ ಉಳಿಯಬೇಕೆಂದರೆ ವಾರಕ್ಕೊಮ್ಮೆ ಅಜ್ಜಿಗೆ ಒಂದು ಪುಟದ ಪತ್ರ ಬರೆಸಿ. ಬ್ಯಾಳಿ ಎಂದೇ ಬರೆದರೂ ತಿದ್ದಬೇಡಿ, ಹಾಗೇ ಪೋಸ್ಟ್ ಮಾಡಿ.